ಹೆಜ್ಜೆ ಕಾಕಾ

ಬೈಲಹೊಂಗಲದಲ್ಲಿ ಈಗ ಓಣಿಗೊಬ್ಬರು ಹೆಜ್ಜೆ ಕಾಕಾ ಇದ್ದಾರೆ. ರಿಟೈರಾದ ಮಾಸ್ತರು, ಇಲ್ಲವೇ ಸೊಸೈಟಿ ಸೆಕ್ರೆಟರಿ. ಮಗ ಬೆಂಗಳೂರಲ್ಲಿ, ಮಗ ಕಳಿಸಿದ, ಹೆಜ್ಜೆ ಎಣಿಸುವ ಬ್ಯಾಂಡು ಮುಂಗೈಯಲ್ಲಿ. ಮುಂಜಾನೆ ಚೆನ್ನಮ್ಮನ ಸಮಾಧಿ ಕಡೆ ಅಡ್ಡಾಡಿ ಬರುವಾಗ ಎದುರು ಸಿಕ್ಕವರಿಗೆ "ಚಾ ಆತೇನ್ರಿ?" ಅನ್ನುವುದನ್ನು ಬಿಟ್ಟು ಎಷ್ಟೋ ದಿನವಾಯಿತು. "ನಿಮ್ದೆಷ್ಟಾತ್ರಿ?" ಅನ್ನುತ್ತಾರೆ.

ದಿನಕ್ಕೆ 10,000 ಹೆಜ್ಜೆ ಎಂಬ ಲೆಕ್ಕ ಡಾಕ್ಟರ ಚೀಟಿಯಿಂದ ಬಂದದ್ದಲ್ಲ. ಟೋಕಿಯೊ ಒಲಿಂಪಿಕ್ಸ್‌ನ ಮರುವರ್ಷ, 1965ರಲ್ಲಿ, ಜಪಾನಿನ ಕಂಪನಿಯೊಂದು ಸೊಂಟಕ್ಕೆ ಸಿಗಿಸುವ ಯಂತ್ರ ಮಾರಲು ಹಬ್ಬಿಸಿದ ಅಂಕಿ. ಇದನ್ನು ಕಾಕಾ ಮುಂದೆ ಆಡಬಾರದು. 9,840ಕ್ಕೆ ನಿಂತರೆ ರಾತ್ರಿ ಪಡಸಾಲೆಯಲ್ಲಿ ತಿರುಗಿ ತಿರುಗಿ ಮನೆಮಂದಿಯ ನಿದ್ದೆ ಕೆಡಿಸುತ್ತಾರೆ.

ಬ್ಯಾಂಡು ಕೆಟ್ಟರೆ ಮೊದಲ ಮದ್ದು ಝಾಡಿಸುವುದು. ಚಾರ್ಜ್ ಆಗದಿದ್ದರೆ ಹಿಂಬದಿಯ ಲೋಹದ ಚುಕ್ಕಿಗಳ ಮೇಲೆ ಬೆವರು ಒಣಗಿ ಕೂತಿರುತ್ತದೆ. ಹಸಿ ಅರಿವೆಯಿಂದ ಒರೆಸಿ ಆರಲು ಬಿಟ್ಟರೆ ಮುಗಿಯಿತು. ಕಾಕಾ ಮಾತ್ರ ಬೆಳ್ಳಿಯ ಲಿಂಗದಕಾಯಿ ಬೆಳಗುವ ವಿಭೂತಿಯನ್ನೇ ಹಚ್ಚಿ ತಿಕ್ಕುತ್ತಾರೆ. ಫೋನಿಗೆ ಲೆಕ್ಕ ಇಳಿಯದಿದ್ದರೆ ಮೊಬೈಲ್ ಅಂಗಡಿಗೆ ಓಟ.

"ಕಾಕಾ, ಬ್ಯಾಟರಿ ಸೇವರ್ ಹಾಕೀರಿ, ಆ್ಯಪ್ ಮಲಗೇತಿ," ಅಂತಾನೆ ಹುಡುಗ.

"ಮಲಗೇತಿ? ಮುಂಜಾನೆ ಐದಕ್ಕ ಎದ್ದಾಂವ ನಾನು, ಅದಕ್ಕೇನ್ ಬ್ಯಾನಿ?"

ಭರತ ಹುಣ್ಣಿಮೆಗೆ ಕಾಕಾ ಸವದತ್ತಿಯಲ್ಲಿ ಬಸ್ಸಿಳಿದು, ನೈವೇದ್ಯದ ಬುಟ್ಟಿ ತಲೆಮೇಲಿಟ್ಟು, ಎರಡೂ ಕೈಯಿಂದ ಹಿಡಿದು, ಉಧೋ ಉಧೋ ಅನ್ನುತ್ತ ಎಲ್ಲಮ್ಮನ ಗುಡ್ಡ ಏರಿದರು. ಬುಟ್ಟಿ ಇಳಿಸಿ ನೋಡಿದರೆ ಬ್ಯಾಂಡಿನ ಪ್ರಕಾರ ಇನ್ನೂ ಸವದತ್ತಿ ಪ್ಯಾಟಿಯಲ್ಲೇ ಇದ್ದಾರೆ! ಅಲ್ಲಿಂದ ರಾಮದುರ್ಗದ ಬೀಗರೂರಿಗೆ ಟ್ರ್ಯಾಕ್ಟರ್ ಟ್ರೇಲಿಯಲ್ಲಿ ಕೂತು ಹೋದಾಗ ಮಾತ್ರ, ತೆಗ್ಗು ಬಂದಂತೆಲ್ಲ ಹೆಜ್ಜೆ ಏರಿದವು. ಬ್ಯಾಂಡಿಗೆ ಕಾಲು ಕಾಣುವುದಿಲ್ಲ. ಒಳಗಿನ ಆಕ್ಸಿಲೆರೋಮೀಟರ್ ಕೈಯ ಅಲುಗಾಟ ಅಳೆಯುತ್ತದೆ, ತಾಳ ಹತ್ತಿತೆಂದರೆ ನಡಿಗೆ ಎಂದು ಬರೆದುಕೊಳ್ಳುತ್ತದೆ. ಕಟ್ಟೆಯ ಮೇಲೆ ಕೈ ಬೀಸಿ ರಾಜಕೀಯ ಮಾತಾಡಿದ ದಿನ ಕಾಕಾ ಆರೋಗ್ಯ ಸುಧಾರಿಸುವುದು ಹೀಗೆ.

ಅಕ್ಟೋಬರಿನ ಕಿತ್ತೂರು ಉತ್ಸವದಲ್ಲಿ ನಡೆದ ದಾರಿಯ ನಕ್ಷೆ ತೆಗೆದರೆ ಗೆರೆ ಕೋಟೆಗೋಡೆಯಲ್ಲೇ ಹಾಯ್ದಿತ್ತು. 1824ರಲ್ಲಿ ಚೆನ್ನಮ್ಮನ ಮೇಲೆ ತೋಪು ತಂದ ಬ್ರಿಟಿಷರ ಥ್ಯಾಕರೆ ಸಾಹೇಬ ಜೀವ ಕಳಕೊಂಡ ಜಾಗದಲ್ಲಿ ಕಾಕಾ ಚಪ್ಪಲಿ ಮೆಟ್ಟಿಕೊಂಡೇ ಗೋಡೆ ದಾಟಿದ್ದರು. ಜಿಪಿಎಸ್‌ಗೆ ಉಪಗ್ರಹ ಸಿಗುವತನಕ ಬಯಲಲ್ಲಿ ಒಂದೆರಡು ನಿಮಿಷ ಸುಮ್ಮನೆ ನಿಲ್ಲಬೇಕು. ಕಾಕಾ ಮತ್ತು ಸುಮ್ಮನೆ!

ಕಡೆಗೆ ಹಾದಿ ತೋರಿಸಿದವರು ಕಾಕು. ಕಾಕಾ ಸ್ನಾನಕ್ಕೆ ಹೋಗುವಾಗ ಬಿಚ್ಚಿಟ್ಟ ಬ್ಯಾಂಡು ಕಳೆದೀತೆಂದು ತಮ್ಮ ಕೈಗೆ ಕಟ್ಟಿಕೊಂಡು ಜೋಳದ ರೊಟ್ಟಿ ಬಡಿಯಲು ಕೂತಿದ್ದರು. ಟಪ್ ಟಪ್ ಟಪ್. ಕಾಕಾ ಮೈ ಒರೆಸಿಕೊಂಡು ಬರುವಷ್ಟರಲ್ಲಿ ಬುಟ್ಟಿಯಲ್ಲಿ ರೊಟ್ಟಿ, ಬ್ಯಾಂಡಿನಲ್ಲಿ ಹೆಜ್ಜೆ, ಎರಡೂ ತುಂಬಿದ್ದವು. ಅಂದಿನಿಂದ ಕಾಕಾ ಸ್ನಾನ ಉದ್ದವಾಗಿದೆ.

ಮೊನ್ನೆ ಮಗ ಫೋನ್ ಮಾಡಿದ. "ಅಪ್ಪಾ, ಆ್ಯಪ್ ನೋಡೀನಿ. ಈ ವಯಸ್ಸಿನ್ಯಾಗ ಅಷ್ಟು ಜೋರು ನಡೀಬ್ಯಾಡ್ರಿ."

"ಆತು ತಮ್ಮಾ, ಕಡಿಮಿ ಮಾಡ್ತೀನಿ," ಅಂದ ಕಾಕಾ ಅಡಿಗೆಮನೆ ಕಡೆ ಹೊರಳಿದರು: "ಏ, ನಾಳಿಂದ ನಾಕು ರೊಟ್ಟಿ ಕಡಿಮಿ ಬಡಿ."