ಮಹಾಪ್ರಾಣ ಸಂಕಟ

ನನ್ನ ಪ್ರಬಂಧದ ಕೆಳಗೆ ಮಾಸ್ಟ್ರು ಕೆಂಪು ಶಾಯಿಯಲ್ಲಿ ಬರೆದ ಷರಾ ಇವತ್ತಿಗೂ ಬಾಯಿಪಾಠ: ‘ಇದರಲ್ಲಿ ಮಹಾಪ್ರಾಣವೂ ಇಲ್ಲ, ಪ್ರಾಣವೂ ಇಲ್ಲ.’ ಆಗ ಕಿವಿ ಬಿಸಿಯಾಗಿತ್ತು. ಈಗ ನೆನೆದರೆ, ಛೆ, ಎಂಥ ವಾಕ್ಯ! ನಾನು ಬರೆದ ಯಾವ ವಾಕ್ಯಕ್ಕೂ ಇಷ್ಟು ಆಯುಸ್ಸು ಬಂದಿಲ್ಲ.

ತಪ್ಪು ನನ್ನದೇ. ಮನೆಮಾತು ತುಳು. ಅಲ್ಲಿ ಮಹಾಪ್ರಾಣಕ್ಕೆ ಹೆಚ್ಚು ಕೆಲಸವಿಲ್ಲ. ಅಲ್ಪಪ್ರಾಣದಲ್ಲೇ ನಾವು ಹುಟ್ಟಿ, ಮೀನು ತಿಂದು, ಜಗಳವಾಡಿ, ಸಾಯುತ್ತೇವೆ. ಹೀಗಾಗಿ ನನ್ನ ಕೈಯಲ್ಲಿ ಭಾರತವು ‘ಬಾರತ’ವಾಗುತ್ತಿತ್ತು. ಬೈಗುಳ ತಿಂದ ಮೇಲೆ ಹೆದರಿ ಸಿಕ್ಕಸಿಕ್ಕಲ್ಲಿ ಅಕ್ಷರಗಳ ಹೊಟ್ಟೆ ಸೀಳತೊಡಗಿದೆ. ಬಾಗಿಲು ‘ಭಾಗಿಲು’ ಆಯಿತು, ಬಾಳೆಹಣ್ಣು ‘ಭಾಳೆಹಣ್ಣು’. ಮಾಸ್ಟ್ರು ಪುಸ್ತಕ ಮುಚ್ಚಿಟ್ಟು, “ಮಾರಾಯಾ, ನಿನಗೆ ಮೊದಲಿನ ತಪ್ಪೇ ಒಳ್ಳೆಯದಿತ್ತು” ಎಂದರು.

ಅದು ಎಪ್ಪತ್ತರ ದಶಕದ ಮುಂಬಯಿಯ ಒಂದು ರಾತ್ರಿ ಶಾಲೆ. ಈ ಊರಿನ ಕನ್ನಡಕ್ಕೂ ರಾತ್ರಿ ಶಾಲೆಗಳಿಗೂ ಹಳೆಯ ನಂಟು. 1902ರಲ್ಲಿ ಹುಟ್ಟಿದ ಮೊಗವೀರ ವ್ಯವಸ್ಥಾಪಕ ಮಂಡಳಿ ರಾತ್ರಿ ಶಾಲೆ ನಡೆಸಿದ್ದಲ್ಲದೆ ‘ಮೊಗವೀರ’ ಎಂಬ ಮಾಸಪತ್ರಿಕೆಯನ್ನೂ ಹೊರಡಿಸಿತು. ಓದಲು ಕಲಿಸಿದವರೇ ಓದಲು ಕೊಡಬೇಕಲ್ಲ! ನನ್ನದು ಬೇರೆ ಶಾಲೆ, ಹೆಸರು ಬೇಡ. ಹಗಲು ಹೋಟೆಲಿನಲ್ಲಿ ಮೇಜು ಒರೆಸುವ ಫಡ್ಕಾ ಹೊಡೆದ ಹುಡುಗರು ರಾತ್ರಿ ಈರುಳ್ಳಿ ವಾಸನೆಯ ಕೈಯಲ್ಲಿ ಲೇಖನಿ ಹಿಡಿಯುತ್ತಿದ್ದೆವು. ಹಿಂದಿನ ಬೆಂಚಿನಿಂದ ಗೊರಕೆ ಕೇಳಿದರೆ ಮಾಸ್ಟ್ರು ಎಬ್ಬಿಸುತ್ತಿರಲಿಲ್ಲ. ಅವರೂ ಹಗಲೆಲ್ಲ ಎಲ್ಲೋ ಗುಮಾಸ್ತಿಕೆ ಮಾಡಿ, ಲೋಕಲ್ ಟ್ರೇನಿನಲ್ಲಿ ಜಜ್ಜಿಸಿಕೊಂಡು ಬಂದವರು.

1924ರಲ್ಲಿ ಕುವೆಂಪು ತಮ್ಮ ಇಂಗ್ಲಿಷ್ ಕವಿತೆಗಳನ್ನು ಐರಿಷ್ ಕವಿ ಜೇಮ್ಸ್ ಕಸಿನ್ಸ್‌ಗೆ ತೋರಿಸಿದ್ದು, ಅವರು ಕನ್ನಡದಲ್ಲೇ ಬರೆಯಿರಿ ಎಂದದ್ದು ಎಲ್ಲರಿಗೂ ಗೊತ್ತು. ಆ ಕಥೆಯಿಂದ ಕನ್ನಡಕ್ಕೆ ದೊಡ್ಡ ಲಾಭವಾಯಿತು, ಕನ್ನಡದ ಹುಡುಗರಿಗೆ ಸ್ವಲ್ಪ ನಷ್ಟವೂ ಆಯಿತು. ಒಂದು ಮಾತಿನಿಂದ ಹುಡುಗನ ದಾರಿ ತಿರುಗಿಸಬಹುದೆಂದು ಪ್ರತಿಯೊಬ್ಬ ಮಾಸ್ಟ್ರಿಗೂ ಅನಿಸತೊಡಗಿತು. ನಮ್ಮವರು ನನಗೆ ತೋರಿಸಿದ ದಾರಿ ಇದು: “ಕಥೆಗಿತೆ ಬಿಡು, ಗಲ್ಲೆಯ ಲೆಕ್ಕ ಬರೆಯುವುದು ಕಲಿ. ಅಂಕಿಗಳಿಗೆ ಮಹಾಪ್ರಾಣ ಬೇಡ.”

ಬಿಡಬಹುದಿತ್ತು. ಬಿಡದೇ ಇದ್ದದ್ದು ಛಲದಿಂದಲ್ಲ. ಹೋಟೆಲಿನ ಹುಡುಗರು ಬಿಡಲಿಲ್ಲ.

ನಮ್ಮಲ್ಲಿ ಅಕ್ಷರ ಬಾರದವರು ಏಳೆಂಟು ಮಂದಿ. ಅವರ ಇನ್‌ಲ್ಯಾಂಡ್ ಪತ್ರಗಳಿಗೆ ನಾನೇ ಲಿಪಿಕಾರ. ಅವರು ಹೇಳುವುದು ತುಳುವಿನಲ್ಲಿ, ನಾನು ಬರೆಯುವುದು ಕನ್ನಡದಲ್ಲಿ, ಊರಿನಲ್ಲಿ ಅಂಚೆಯಣ್ಣ ಅದನ್ನು ಓದಿ ಮತ್ತೆ ತುಳುವಿನಲ್ಲಿ ಅಮ್ಮನಿಗೆ ಹೇಳುವುದು. ಫೀಸು ಎದುರಿನ ಇರಾನಿಯ ಒಂದು ಬನ್ ಮಸ್ಕಾ. ‘ಉಬಯ ಕುಶಲೋಪರಿ’ ಎಂದು ಶುರುಮಾಡುತ್ತಿದ್ದೆ. ಆಮೇಲೆ ಹೇಳುವುದಕ್ಕೆ ಅವರಿಗೆ ಏನೂ ಇರುತ್ತಿರಲಿಲ್ಲ. “ಏನಾದರೂ ಬರಿ” ಎನ್ನುವರು. ಕಥೆಗಾರನಿಗೆ ಇದಕ್ಕಿಂತ ಒಳ್ಳೆಯ ಸಂಪಾದಕ ಎಲ್ಲಿ ಸಿಗುತ್ತಾನೆ?

ಲೋಟ ತೊಳೆಯುವ ಒಬ್ಬನನ್ನು ನಾನು ಮಳೆಗಾಲದ ಹೊತ್ತಿಗೆ ವೇಟರ್ ಮಾಡಿದೆ. ಚೌತಿಗೆ ಗಲ್ಲೆಯಲ್ಲಿ ಕೂರಿಸಿದೆ. ದೀಪಾವಳಿಗೆ ಫ್ಯಾನನ್ನೂ ಕೊಟ್ಟೆ, ತಲೆಯ ಮೇಲೆ ಸದಾ ತಿರುಗುವಂಥದ್ದು. ಡಿಸೆಂಬರಿನ ಒಂದು ಬೆಳಿಗ್ಗೆ ಟ್ರಂಕು ಹಿಡಿದ ಹದಿನಾಲ್ಕರ ಹುಡುಗನೊಬ್ಬ ಹೋಟೆಲಿನ ಬಾಗಿಲಲ್ಲಿ ನಿಂತು, “ಗಲ್ಲೆಯಲ್ಲಿ ಕೂರುವ ಅಣ್ಣ ಎಲ್ಲಿ? ದೊಡ್ಡಮ್ಮ ಕಳಿಸಿದರು, ಕೆಲಸ ಕೊಡುತ್ತಾನಂತೆ” ಎಂದ. ಅಣ್ಣ ಒಳಗೆ ಸೊಂಟದವರೆಗೆ ಸೋಪಿನ ನೀರಿನಲ್ಲಿದ್ದ. ಆಮೇಲೆ ನಡೆದದ್ದನ್ನು ಬರೆಯುವುದು ಬೇಡ. ಬನ್ ಮಸ್ಕಾ ಒಂದು ತಿಂಗಳು ನಿಂತುಹೋಯಿತು. ಆ ರಾತ್ರಿ ಬಾಂಕಡೆಯ ಮೇಲೆ ಮಲಗಿ ನಾಚಿಕೆಯ ನಡುವೆಯೂ ಒಂದು ಲೆಕ್ಕ ಹಾಕಿದೆ: ಪ್ರಾಣವಿಲ್ಲವೆಂದು ಮಾಸ್ಟ್ರು ಹೇಳಿದ ಬರಹವನ್ನು ನಂಬಿ ಒಂದು ಜೀವ ಊರಿನಿಂದ ಬಸ್ಸು ಹತ್ತಿ ಬಂದಿದೆ.

ಆಮೇಲೆ ತಿಳಿಯಿತು, ಈ ಊರಿನಲ್ಲಿ ಕನ್ನಡ ಬರೆಯುವವರ ಹೊಟ್ಟೆಪಾಡು ಹೆಚ್ಚಾಗಿ ಕನ್ನಡದಿಂದ ನಡೆಯುವುದಿಲ್ಲ. ಯಶವಂತ ಚಿತ್ತಾಲರು ರಾಸಾಯನಿಕ ಉದ್ಯಮದಲ್ಲಿ ದುಡಿಯುತ್ತಲೇ 1979ರಲ್ಲಿ ‘ಶಿಕಾರಿ’ ಕೊಟ್ಟರು. ಜಯಂತ ಕಾಯ್ಕಿಣಿ ಔಷಧ ಕಂಪನಿಯಲ್ಲಿದ್ದರು. ಆದರೆ ಅವರ ಉದಾಹರಣೆ ನನಗೆ ದಕ್ಕುವಂಥದ್ದಲ್ಲ. ಹತ್ತೊಂಬತ್ತಕ್ಕೇ ಮೊದಲ ಕವನ ಸಂಕಲನಕ್ಕೆ ಅಕಾಡೆಮಿ ಬಹುಮಾನ ಪಡೆದವರು ಅವರು. ಆ ವಯಸ್ಸಿನಲ್ಲಿ ನಾನಿನ್ನೂ ‘ಭಾಗಿಲು’ ಮುಚ್ಚಲು ಹೆಣಗುತ್ತಿದ್ದೆ. ನನ್ನಂಥವರಿಗೆ ಲೋಕಲ್ ಟ್ರೇನಿನ ಚೌಥಿ ಸೀಟೇ ಸರಿ. ಮೂವರ ಬೆಂಚು, “ಥೋಡಾ ಸರಕೋ” ಎಂದರೆ ಅರ್ಧ ಕುಂಡೆಗೆ ಜಾಗ, ಉಳಿದರ್ಧ ಗಾಳಿಯಲ್ಲಿ. ಹಾಗೇ ಕೂತು ಎರಡು ಸಂಕಲನ ಬರೆದೆ. ವಿಮರ್ಶಕರು ಶೈಲಿಯಲ್ಲಿ ಒಂದು ಬಗೆಯ ಅಸ್ಥಿರತೆ ಇದೆ ಎಂದರು. ಇರದೆ ಏನು?

ಕಳೆದ ತಿಂಗಳು ಒಂದು ಕಥಾಸ್ಪರ್ಧೆಗೆ ನನ್ನನ್ನೇ ತೀರ್ಪುಗಾರನನ್ನಾಗಿ ಮಾಡಿದರು. ಸಂಜೆ ದಾದರಿನಲ್ಲಿ ಸ್ಲೋ ಹತ್ತಿ, ಚೌಥಿ ಸೀಟು ಗಿಟ್ಟಿಸಿ, ಜೇಬಿನಿಂದ ಪೆನ್ನು ತೆಗೆದೆ. ಕೆಂಪು. ಯಾಕೆ ಕೆಂಪೇ ಕೊಂಡೆನೋ! ಹನ್ನೊಂದನೇ ಕಥೆ ಫೋನಿನಲ್ಲಿ ಟೈಪಾದದ್ದು. ಭಾರತ ಭಾರತವೇ, ಬಾಗಿಲು ಬಾಗಿಲೇ. ಈಗ ಫೋನೇ ತಿದ್ದಿಕೊಡುತ್ತದಂತೆ. ತಪ್ಪು ಹುಡುಕುತ್ತಿದ್ದ ಕೈಗೆ ಕೊಂಚ ನಿರಾಸೆಯಾಯಿತು. ಮೊದಲ ಪುಟ ಪೂರ್ತಿ ಹವಾಮಾನ ವರ್ತಮಾನ. ಅಂಚಿನಲ್ಲಿ ‘ಇದರಲ್ಲಿ’ ಎಂದು ಬರೆದೂಬಿಟ್ಟೆ.

ಪುಟ ತಿರುಗಿಸಿದರೆ, ಹೋಟೆಲು ಮುಚ್ಚಿದ ದಿನ ಅಪ್ಪ ಅದರ ಬೋರ್ಡನ್ನು ಹೊತ್ತು ಮನೆಗೆ ತಂದ. ಒಂದೇ ಕೋಣೆಯ ಚಾಳು, ಇಡಲು ಎಲ್ಲೂ ಜಾಗವಿಲ್ಲ. ಕೊನೆಗೆ ಅಡ್ಡ ಮಲಗಿಸಿ, ಅದರ ಮೇಲೆ ಹಾಸಿಗೆ ಹಾಸಿ ಮಕ್ಕಳನ್ನು ಮಲಗಿಸಿದರು.

ತಲೆಯೆತ್ತಿದಾಗ ಟ್ರೇನು ಠಾಣೆಯಲ್ಲಿತ್ತು. ನಾನು ಇಳಿಯಬೇಕಾದದ್ದು ಮುಲುಂಡಿನಲ್ಲಿ.