ಕತ್ತರಿ ಕಂಡರಾಗದ ಬಳ್ಳಿ ಯಜಮಾನರು

ಯಲಹಂಕ ನ್ಯೂ ಟೌನ್ ಆಗಲಿ, ಆರ್.ಟಿ. ನಗರವಾಗಲಿ, ಅಪಾರ್ಟ್‌ಮೆಂಟಿಗೆ ಒಬ್ಬರಂತೆ ಬಳ್ಳಿ ಯಜಮಾನರು ಇದ್ದೇ ಇರುತ್ತಾರೆ. ಮನೆಗೆ ಬಂದವರಿಗೆ ಇವರು ಕಾಫಿಗೆ ಮುಂಚೆ ಮನಿ ಪ್ಲಾಂಟಿನ ದರ್ಶನ ಮಾಡಿಸುತ್ತಾರೆ. ಬಾಲ್ಕನಿಯ ಕುಂಡದಲ್ಲಿ ಹುಟ್ಟಿದ ಬಳ್ಳಿ ಕಿಟಕಿ ಸರಳು ದಾಟಿ, ಪರದೆ ಕಂಬಿ ಹಿಡಿದು, ಗಡಿಯಾರದ ಎಂಟು, ಒಂಬತ್ತು, ಹತ್ತನ್ನು ಮರೆಮಾಡಿ, ಟಿವಿಯ ಹಿಂದೆ ನುಸುಳಿ ಷೋಕೇಸಿನ ಮೇಲೆ ತಲೆಯೆತ್ತುತ್ತದೆ. ಅಲ್ಲಲ್ಲಿ ಹಳೆಯ ಬನಿಯನ್ನಿನ ಚಿಂದಿ, ಸೆಲ್ಲೋಟೇಪು. ಗೋಡೆಗೆ ಬಣ್ಣ ಹೊಡೆಸುವಾಗ ಬ್ರಷ್ ಹಿಡಿಯಲು ಒಬ್ಬ, ಬಳ್ಳಿ ಎತ್ತಿ ಹಿಡಿಯಲು ಇನ್ನೊಬ್ಬ. "ಗೃಹಪ್ರವೇಶಕ್ಕೆ ತಂದದ್ದು ಸಾರ್, ಇವತ್ತಿನವರೆಗೆ ಒಂದು ಎಲೆ ಕತ್ತರಿಸಿಲ್ಲ" ಎಂದು ಅವರು ಎದೆಯುಬ್ಬಿಸುವಾಗ, ಕುಂಡದಿಂದ ಪರದೆಯವರೆಗಿನ ಬಳ್ಳಿಯಲ್ಲಿ ಒಂದು ಎಲೆಯೂ ಉಳಿದಿಲ್ಲ, ಅದು ಬಟ್ಟೆ ಒಣಹಾಕುವ ಹಗ್ಗದಂತಾಗಿದೆ ಎಂದು ಹೇಳುವ ಧೈರ್ಯ ಯಾವ ಅತಿಥಿಗೂ ಬರುವುದಿಲ್ಲ. ಬಿಸಿ ಕಾಫಿ ಇನ್ನೂ ಬರಬೇಕಲ್ಲ!

ಕತ್ತರಿಸಿದರೆ ಲಕ್ಷ್ಮಿ ಹೊರಟುಹೋಗುತ್ತಾಳೆ ಎಂಬುದು ಯಜಮಾನರ ಮೊದಲ ವಾದ. ಕದ್ದು ತಂದ ಮನಿ ಪ್ಲಾಂಟೇ ಚೆನ್ನಾಗಿ ಕೈಹಿಡಿಯುತ್ತದೆ ಎಂದೂ ಅವರೇ ಹೇಳುತ್ತಾರೆ. ಕದಿಯಬೇಕಾದರೆ ಯಾರದೋ ಬಳ್ಳಿಗೆ ಕತ್ತರಿ ಬೀಳಲೇಬೇಕು, ಇಲ್ಲವೇ ಉಗುರಾದರೂ! ದಕ್ಷಿಣ ಪೆಸಿಫಿಕ್‌ನ ಮೋರೆಯಾ ದ್ವೀಪದ ಈ ಗಿಡ ತಾನಾಗಿ ಹೂಬಿಡುವುದು ತೀರ ಅಪರೂಪ. ಗಿಬ್ಬರೆಲಿನ್ ಎಂಬ ಹಾರ್ಮೋನು ತಯಾರಿಸುವ ವಂಶವಾಹಿಯ ದೋಷವೇ ಇದಕ್ಕೆ ಕಾರಣವೆಂದು 2016ರಲ್ಲಿ ವಿಜ್ಞಾನಿಗಳು ತೋರಿಸಿದರು. ಹೂವಿಲ್ಲ, ಆದ್ದರಿಂದ ಬೀಜವಿಲ್ಲ. ಅಂದಮೇಲೆ ಹೆಬ್ಬಾಳದಲ್ಲಿರುವ ಮನಿ ಪ್ಲಾಂಟೂ ಯಶವಂತಪುರದಲ್ಲಿರುವುದೂ ಯಾರೋ ಕತ್ತರಿಸಿ ಕೊಟ್ಟ ತುಂಡಿನ ತುಂಡು. ಕತ್ತರಿಗೆ ಲಕ್ಷ್ಮಿ ಓಡಿಹೋಗುವಂತಿದ್ದರೆ ಗಿಡ ಯಜಮಾನರ ಮನೆಗೆ ಬರುವ ಮೊದಲೇ ದಿವಾಳಿಯಾಗಿರಬೇಕಿತ್ತು. ಹೆಬ್ಬಾಳದ ಫ್ಲೈಓವರ್ ಇಳಿದು ದೇವನಹಳ್ಳಿ ಕಡೆ ಹೋದರೆ ಬೆಂಗಳೂರು ಬ್ಲೂ ದ್ರಾಕ್ಷಿಯ ಸೀಮೆ. ಅಲ್ಲಿನ ರೈತರು ಬಳ್ಳಿಗೆ ಕತ್ತರಿ ಹಾಕಿಯೇ ದುಡ್ಡು ನೋಡುವವರು.

"ಕಾಡಿನಲ್ಲಿ ಯಾರು ಕತ್ತರಿಸುತ್ತಾರೆ?" ಎಂಬುದು ಎರಡನೆಯ ವಾದ, ಸ್ವಲ್ಪ ಗಟ್ಟಿಯಾದದ್ದು. ಆದರೆ ಕಾಡಿನಲ್ಲಿ ಬಳ್ಳಿ ಮರ ಹತ್ತುತ್ತದೆ. ಗೆಣ್ಣುಗೆಣ್ಣಿನ ಬೇರು ತೊಗಟೆಗೆ ಅಂಟಿಕೊಂಡು, ಬೆಳಕು ಸಿಕ್ಕಿದಂತೆ ಎಲೆ ಹಿಗ್ಗುತ್ತ ಮೊರದಗಲವಾಗುತ್ತದೆ. ಪರದೆ ಕಂಬಿ ಮರವಲ್ಲ, ಟ್ಯೂಬ್‌ಲೈಟು ಸೂರ್ಯನೂ ಅಲ್ಲ. ಮಂದ ಬೆಳಕಿನಲ್ಲಿ ಗೆಣ್ಣುಗಳ ನಡುವೆ ಅಂತರ ಹೆಚ್ಚುತ್ತದೆ, ಎಲೆ ಚಿಕ್ಕದಾಗುತ್ತದೆ, ಹಳೆಯವು ಹಳದಿಯಾಗಿ ಉದುರುತ್ತವೆ. ಕುಡಿಯಲ್ಲಿ ಹುಟ್ಟುವ ಆಕ್ಸಿನ್ ಕೆಳಗಿನ ಮೊಗ್ಗುಗಳನ್ನು ಅದುಮಿಟ್ಟಿರುತ್ತದೆ. ಕುಡಿ ಹೋದರೆ ಅವು ಎಚ್ಚರಗೊಂಡು ಬೋಳು ಕಾಂಡವೂ ಚಿಗುರುತ್ತದೆ. ಗಿಡಕ್ಕೆ ನೋವಾಗುವುದಿಲ್ಲವೇ ಎಂದು ಕೇಳುವ ಯಜಮಾನರು ಅದೇ ಬಾಯಲ್ಲಿ ಕೊತ್ತಂಬರಿ ಚಟ್ನಿ ಹೊಗಳುತ್ತಿರುತ್ತಾರೆ.

ಹಾಗೆಂದು ಕಂಡಾಗಲೆಲ್ಲ ಕೊಚ್ಚಬೇಕಿಲ್ಲ. ಯುಗಾದಿ ಕಳೆದು ಬಿಸಿಲು ಬಲಿತ ಮೇಲೆ, ಮಳೆಗಾಲ ಮುಗಿಯುವವರೆಗೆ ಬೆಂಗಳೂರಿನಲ್ಲಿ ಒಳ್ಳೆಯ ಕಾಲ. ಡಿಸೆಂಬರ್, ಜನವರಿಯ ಚಳಿಯಲ್ಲಿ ಬೆಳವಣಿಗೆ ನಿಧಾನ, ಗಾಯ ಮಾಯುವುದೂ ನಿಧಾನ. ಆಗ ಒಣಗಿದ ಎಲೆ ತೆಗೆದರೆ ಸಾಕು. ಹರಿತವಾದ ಕತ್ತರಿಯನ್ನು ಸ್ಪಿರಿಟ್‌ನಲ್ಲಿ ಒರೆಸಿ, ತಾಯಿಗಿಡದಲ್ಲಿ ಗೆಣ್ಣಿನ ಸ್ವಲ್ಪ ಮೇಲೆ ಕತ್ತರಿಸಬೇಕು. ಒಂದೇ ಸಲಕ್ಕೆ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಬೇಡ. ನೆಡುವ ತುಂಡಿನಲ್ಲಿ ಒಂದು ಗೆಣ್ಣಾದರೂ ಇರಬೇಕು. ಬರೀ ಎಲೆಯನ್ನು ಬಾಟಲಿಯಲ್ಲಿಟ್ಟು ವರ್ಷಗಟ್ಟಲೆ ಕಾದರೂ ಬಳ್ಳಿ ಹೊರಡದು. ರಸದಲ್ಲಿ ಕ್ಯಾಲ್ಸಿಯಂ ಆಕ್ಸಲೇಟ್ ಇರುವುದರಿಂದ ಕೈ ತುರಿಸಬಹುದು. ತುಂಡುಗಳು ಮಗುವಿನ, ನಾಯಿಯ ಬಾಯಿಗೆ ಸಿಗಬಾರದು. ಪಕ್ಕದ ಮನೆಯವರ ಒಂದು ಬಳ್ಳಿಗಾಗಿ ಇಷ್ಟೆಲ್ಲ ಪಾಂಡಿತ್ಯ ಸುರಿಯುವವನು ಯಾವ ಜಾತಿಯ ಪ್ರಾಣಿ ಎಂದು ಯಜಮಾನರೂ ಒಂದು ವ್ಯಕ್ತಿಚಿತ್ರ ಬರೆಯಬಹುದು, ಬರೆಯಲಿ.

ಆದರೂ ಅವರ ಹಟವನ್ನು ಬರೀ ಮೌಢ್ಯ ಎಂದು ತಳ್ಳಿಹಾಕುವುದು ನ್ಯಾಯವಲ್ಲ. ಮಗ ದೂರದೇಶ ಸೇರಿದ್ದಾನೆ, ಮಗಳು ವೈಟ್‌ಫೀಲ್ಡಿನಲ್ಲಿದ್ದಾಳೆ, ಈ ಟ್ರಾಫಿಕ್ಕಿನಲ್ಲಿ ಅದೂ ದೂರದೇಶವೇ. ಫ್ಲ್ಯಾಟಿನೊಳಗೆ ಹುಟ್ಟಿ ಬೆಳೆದು ಇನ್ನೂ ಅಲ್ಲೇ ಇರುವುದು ಆ ಬಳ್ಳಿಯೊಂದೇ. ಅದರ ಉದ್ದದಲ್ಲಿ ಅವರು ಕಳೆದ ವರ್ಷಗಳನ್ನು ಅಳೆಯುತ್ತಾರೆ. ಅದಕ್ಕೇ ಕತ್ತರಿ ಕಂಡರೆ ಹೊಟ್ಟೆ ಚುರ್ ಎನ್ನುತ್ತದೆ. ಆದರೆ ಉಳಿಸಿಕೊಳ್ಳುವ ಆಸೆಯಿಂದ ನೋಡಿದರೂ ಲೆಕ್ಕ ಕತ್ತರಿಯ ಕಡೆಗೇ ವಾಲುತ್ತದೆ. ನೀರು ಹೆಚ್ಚಾಗಿ ಒಂದು ಕುಂಡದ ಬೇರು ಕೊಳೆತರೆ ಆ ಉದ್ದವೆಲ್ಲ ಒಟ್ಟಿಗೇ ಹೋಗುತ್ತದೆ. ನಾಲ್ಕು ಮನೆಗೆ ಹಂಚಿದ್ದರೆ ಯಾವುದಾದರೂ ಒಂದು ಮನೆಯಿಂದ ತುಂಡು ವಾಪಸ್ ತರಬಹುದು. ಎರಡನೇ ಮಹಡಿಯವರ ಕಣ್ಣಂತೂ ಆಗಲೇ ಬಾಲ್ಕನಿಯ ಮೇಲೆ ಬಿದ್ದಿದೆ. ಅವರು ಕತ್ತಲಲ್ಲಿ ಬಂದು ಉಗುರಲ್ಲಿ ಚಿವುಟಿ ಹಾಳುಮಾಡುವ ಮೊದಲು, ಹಗಲಲ್ಲೇ ಕರೆದು ಗೆಣ್ಣು ನೋಡಿ ಕತ್ತರಿಸಿ ಕೊಡುವುದು ಮೇಲು. ಕದ್ದರೇ ಅದೃಷ್ಟ ಎಂದು ಅವರು ಹಟ ಹಿಡಿದರೆ, ಯಜಮಾನರು ಐದು ನಿಮಿಷ ಆ ಕಡೆ ತಿರುಗಿ ನಿಂತರಾಯಿತು.