ಅಜ್ಜನ ಸೊಂಟಕ್ಕೆ ಮುಂಬಯಿ ಕಾವಲು

ಮಧುಗಿರಿ ಬೆಟ್ಟದಲ್ಲಿ ಜಾರಿದ ಅಜ್ಜ, ಎಕ್ಸ್‌-ರೇ ಕವರಿನಿಂದ ಗಾಳಿ ಬೀಸಿಕೊಳ್ತಾ ಪಾವಗಡದ ಬಸ್ಸಿಗೆ ಕಾಯ್ತಿದ್ದ.

"ಆ ಮಿಷನ್ನಿಗೆ ಲೈಸೆನ್ಸ್ ಇತ್ತಾ ಅಜ್ಜ?"

"ಅದೇನು ರಸ್ತೆ ಮೇಲೆ ಓಡ್ತದಾ?"

"ಮುಂಬಯಿಯ ಪರಮಾಣು ಶಕ್ತಿ ನಿಯಂತ್ರಣ ಮಂಡಳಿ ಕೊಡಬೇಕು. 1983ರಲ್ಲಿ ಹುಟ್ಟಿದ್ದು. ಕೈಗಾ ರಿಯಾಕ್ಟರು, ಅದರ ಕಸ, ನಿನ್ನ ಸೊಂಟ, ಎಲ್ಲ ಅದರ ಕಣ್ಗಾವಲಲ್ಲೇ."

"ಎಲ್ಲ ಮಿಷನ್ನೂ ಲೆಕ್ಕಕ್ಕೆ ಸಿಕ್ಕವಾ?"

"2012ರ ಸಿಎಜಿ ವರದಿ ಪ್ರಕಾರ 57,443ರಲ್ಲಿ ನೋಂದಣಿ ಆಗಿದ್ದು 5,270."

"ಶಿರಾ ಸಂತೇಲಿ ಕುರಿಗೂ ಚೀಟಿ ಹರೀತಾರಲ್ಲೋ!"

"ಆಮೇಲೆ ಆನ್‌ಲೈನ್ ಲೈಸೆನ್ಸ್ ಬಂತು. ಇ-ಲೋರಾ."

"ಯಾರವಳು, ಕೊರಟಗೆರೆ ಕಡೆಯವಳಾ? ಇರಲಿ, ಮಂಡಳಿ ಆಗ ಲೆಕ್ಕ ಒಪ್ಪಿಸ್ತಿದ್ದದ್ದು ಯಾರಿಗೆ?"

"ಪರಮಾಣು ಆಯೋಗಕ್ಕೆ. ಅದರ ಅಧ್ಯಕ್ಷರು ಪರಮಾಣು ಇಲಾಖೆ ಕಾರ್ಯದರ್ಶಿನೇ."

"ಅಳಿಯನ ತಪ್ಪು ಹಿಡಿದು ಮಾವನಿಗೇ ದೂರು!"

ಬಸ್ಸು ಬಂತು. ಕಂಡಕ್ಟರ್ ಕವರನ್ನೊಮ್ಮೆ ನೋಡಿ, ಲಗೇಜ್ ಟಿಕೆಟ್ ಹರಿದ.